ಮಳೆಗೆ ಕರಗದ ನವಿಲು

ಮೂಡುಬಿದಿರೆಯ ಹತ್ತಿರ ಮೂಡುಕೊಣಾಜೆ ಎಂಬ ಊರುಂಟು. ಅಲ್ಲಿಯ ಕಲ್ಲುಗುಡ್ಡದ ಇಳಿಜಾರಿನಲ್ಲಿ ದೊಡ್ಡ ಚಪ್ಪಡಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ಬಹಳ ಹಳೆಯ ಸಮಾಧಿಗಳಿವೆ. ಹೆಚ್ಚಿನವು ಈಗ ಕುಸಿದುಬಿದ್ದಿವೆ. ಅಲ್ಲಿ ಸುಟ್ಟ ಮಣ್ಣಿನ ಕೆಲವು ಗೊಂಬೆಗಳು ಸಿಕ್ಕಿದ ಸುದ್ದಿಯನ್ನು 2023ರಲ್ಲಿ ಶಿರ್ವದ ಕಾಲೇಜಿನ ಪುರಾತತ್ವ ಅಧ್ಯಾಪಕ ಟಿ. ಮುರುಗೇಶಿ ಅವರು ತಿಳಿಸಿದರು. ಹೋರಿ, ಕುದುರೆ, ಮಾತೃದೇವತೆ, ಜೊತೆಗೆ ಎರಡು ನವಿಲು. ಕ್ರಿಸ್ತಪೂರ್ವ 800ರಿಂದ 700ರ ಕಾಲದವು ಎಂದು ಅವರ ಅಂದಾಜು. ಅಂದರೆ ಆ ನವಿಲುಗಳಿಗೆ ಈಗ ಸುಮಾರು 2,700 ವರ್ಷ ವಯಸ್ಸು.

2,700 ವರ್ಷ ಎಂದರೆ ಅಷ್ಟೇ ಮಳೆಗಾಲ. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತಲ್ಲ! ಒಂದು ವರ್ಷ ಬಿದ್ದದ್ದೆಲ್ಲ ಹರಿಯದೆ, ಇಂಗದೆ ನಿಂತರೆ ನೀರು ಮೂರೂವರೆ ಮೀಟರಿಗೂ ಮೇಲೆ ಬರುತ್ತದೆ. ನಿಮ್ಮ ಕ್ಲಾಸಿನ ಬಾಗಿಲು ಪೂರ್ತಿ ಮುಳುಗಿತು ಎಂದೇ ಲೆಕ್ಕ. ಇಷ್ಟು ನೀರು ಕುಡಿಯುವ ನೆಲದಲ್ಲಿ ಮಣ್ಣಿನ ನವಿಲು ನವಿಲಾಗಿಯೇ ಉಳಿದದ್ದು ಹೇಗೆ? ಚೌತಿಯ ಮಣ್ಣಿನ ಗಣಪನನ್ನು ನೆನಪಿಸಿಕೊಳ್ಳಿ. ಕೆರೆಗೆ ಇಳಿಸಿದ ಸ್ವಲ್ಪ ಹೊತ್ತಿನಲ್ಲಿ ಸೊಂಡಿಲು ಹೋಯಿತು, ಹೊಟ್ಟೆ ಹೋಯಿತು, ಉಳಿದದ್ದು ಕೆಸರು. ಗಣಪನೂ ಮಣ್ಣು, ನವಿಲೂ ಮಣ್ಣು.

ಈ ಪ್ರಶ್ನೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ಒಂದು ಶಾಲೆಯ ಜಗಲಿಯಲ್ಲಿ. ಮಕ್ಕಳಿಗೆ ಮಣ್ಣಿನ ಕಮ್ಮಟ ಇಟ್ಟಿದ್ದರು. ಬಂಟ್ವಾಳದ ಕಡೆಯಿಂದ ಒಬ್ಬ ಅಜ್ಜಿ, ಬೆಳ್ತಂಗಡಿ ಕಡೆಯಿಂದ ಗಂಡ ಹೆಂಡತಿ, ಮೂಡುಬಿದಿರೆಯ ಒಬ್ಬ ಹುಡುಗ, ಹೀಗೆ ನಾಲ್ಕೈದು ಜನ ಕುಂಬಾರರು ಬಂದಿದ್ದರು. ಮಕ್ಕಳಿಗೆ ಕಲಿಸಲು ಬಂದವರು ಮೊದಲ ಅರ್ಧ ಗಂಟೆ ಮಕ್ಕಳನ್ನು ಮರೆತೇಬಿಟ್ಟರು! ಒಬ್ಬರು ತಂದ ಮಣ್ಣನ್ನು ಇನ್ನೊಬ್ಬರು ಚಿವುಟಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, "ಇದಕ್ಕೆ ಹೊಯ್ಗೆ ಎಷ್ಟು ಹಾಕ್ತೀರಿ?" ಎಂದು ಕೇಳುವುದರಲ್ಲೇ ಮುಳುಗಿದ್ದರು. ಹೊಯ್ಗೆ ಎಂದರೆ ನಮ್ಮ ಕಡೆ ಮರಳು. ಅದನ್ನು ಮಣ್ಣಿಗೆ ಹಾಕುವುದು ಯಾಕೆ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಮಣ್ಣು ಎಲ್ಲಿಂದ ಬಂತು ಎಂಬುದು. ಅದನ್ನು ಮಾಡಿದ್ದೂ ಮಳೆಯೇ. ಗ್ರಾನೈಟಿನಂಥ ಗಟ್ಟಿ ಬಂಡೆಯೊಳಗೆ ಫೆಲ್ಡ್‌ಸ್ಪಾರ್ ಎಂಬ ಖನಿಜ ಉಂಟು. ಮಳೆನೀರು ಸಾವಿರಾರು ವರ್ಷ ಅದನ್ನು ನೆನೆಸಿ, ಅದರಲ್ಲಿ ಕರಗುವುದನ್ನೆಲ್ಲ ಕರಗಿಸಿ ಒಯ್ಯುತ್ತದೆ. ಉಳಿದದ್ದು ಜೇಡಿಮಣ್ಣು. ಹೊಳೆ ಅದನ್ನು ಹೊತ್ತು ತರುವಾಗ ಜರಡಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ದಪ್ಪ ಹೊಯ್ಗೆ ಬೇಗ ತಳ ಸೇರುತ್ತದೆ. ನುಣ್ಣನೆಯದು ತೇಲಿ ತೇಲಿ ನೀರು ಸುಮ್ಮನೆ ನಿಲ್ಲುವ ತಗ್ಗಿಗೆ ಬಂದ ಮೇಲಷ್ಟೇ ಕೂರುತ್ತದೆ. ನಮ್ಮವರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ ಮಾಡುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ತಗ್ಗಿನ ಬೈಲು ಗದ್ದೆಯ ಅಡಿಯಲ್ಲಿ ಒಳ್ಳೆಯ ಮಣ್ಣು ಸಿಗುವುದು ಇದಕ್ಕೇ. ಬಂಟ್ವಾಳವನ್ನು ದಾಟಿ ಹೋಗುವ ನೇತ್ರಾವತಿ ಕಡಲು ಸೇರುವಲ್ಲಿ ಇಂಥ ಮಣ್ಣು ರಾಶಿಯಾಗಿ ಸಿಕ್ಕಿದ್ದರಿಂದಲೇ 1860ರ ದಶಕದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಿಮ್ಮ ಅಜ್ಜನ ಮನೆಯ ಮಾಡಿನ ಮೇಲಿರುವುದು ಹೊಳೆ ಸೋಸಿ ಕೊಟ್ಟ ಮಣ್ಣು.

ಜೇಡಿಮಣ್ಣಿನ ಕಣ ಎಷ್ಟು ಸಣ್ಣದು ಗೊತ್ತೇ? ಒಂದು ಮಿಲಿಮೀಟರಿನಲ್ಲಿ 500 ಕಣಗಳನ್ನು ಸಾಲಾಗಿ ಕೂರಿಸಬಹುದು. ಅದೂ ಗುಂಡಗಿಲ್ಲ, ಹಪ್ಪಳದ ಹಾಗೆ ಚಪ್ಪಟೆ. ಎರಡು ಗಾಜಿನ ತುಂಡುಗಳ ನಡುವೆ ನಾಲ್ಕು ಹನಿ ನೀರು ಹಾಕಿದರೆ ಏನಾಗುತ್ತದೆ? ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಆದರೆ ಎತ್ತಿ ಬೇರೆ ಮಾಡಲು ಹೋದರೆ ಬಿಡುವುದಿಲ್ಲ. ಒದ್ದೆ ಮಣ್ಣಿನೊಳಗೆ ಕೋಟ್ಯಂತರ ಹಪ್ಪಳಗಳು ಇದೇ ಆಟ ಆಡುತ್ತಿರುತ್ತವೆ. ಜಾರುವುದರಿಂದ ನಿಮ್ಮ ಹೆಬ್ಬೆರಳು ಒತ್ತಿದಲ್ಲಿ ಗುಳಿ ಬೀಳುತ್ತದೆ. ಅಂಟಿಕೊಂಡಿರುವುದರಿಂದ ಆ ಗುಳಿ ಹಾಗೆಯೇ ನಿಲ್ಲುತ್ತದೆ. ಹೊಯ್ಗೆಯಲ್ಲಿ ನವಿಲು ಮಾಡಲು ಹೋದರೆ ಬಾಲ ನಿಲ್ಲದಿರುವುದು ಈ ಹಪ್ಪಳಗಳು ಅಲ್ಲಿ ಇಲ್ಲದ್ದಕ್ಕೆ.

ಕಮ್ಮಟದಲ್ಲಿ ಅಜ್ಜಿ ಮಾಡಿ ತೋರಿಸಿದ ಒಂದು ಚಮತ್ಕಾರವನ್ನು ನೀವೂ ಮಾಡಬಹುದು. ಮಣ್ಣಿನ ಎರಡು ಉಂಡೆ ಕಟ್ಟಿ. ಒಂದನ್ನು ಬಿಸಿಲಲ್ಲಿ ಮೂರು ನಾಲ್ಕು ದಿನ ಕಟಕಟ ಒಣಗಿಸಿ, ಇನ್ನೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಆಮೇಲೆ ಎರಡನ್ನೂ ಒಂದೊಂದು ಲೋಟ ನೀರಿಗೆ ಬಿಡಿ. ಯಾವುದು ಮೊದಲು ಕರಗುತ್ತದೆ? ಜಗಲಿಯಲ್ಲಿದ್ದ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಒದ್ದೆಯದ್ದು!" ಎಂದರು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ನೋಡಿದರೆ ಒಣಗಿದ ಉಂಡೆ ಬುಳುಬುಳು ಗುಳ್ಳೆ ಬಿಡುತ್ತ ಕೆಲವೇ ನಿಮಿಷದಲ್ಲಿ ಬಿರಿದು ಕುಸಿಯಿತು. ಒದ್ದೆಯದ್ದು ಏನೂ ಆಗದವರ ಹಾಗೆ ಕೂತಿತ್ತು. ಒಣಮಣ್ಣಿನ ತುಂಬ ಖಾಲಿ ಸಂದುಗಳು, ಅದರೊಳಗೆ ಗಾಳಿ. ನೀರು ಎಲ್ಲ ಕಡೆಯಿಂದ ನುಗ್ಗಿದಾಗ ಆ ಗಾಳಿ ಹೊರಗೆ ಬರಲು ಒದ್ದಾಡಿ ಉಂಡೆಯನ್ನೇ ಒಡೆಯುತ್ತದೆ. ಒದ್ದೆ ಉಂಡೆಯ ಸಂದುಗಳಲ್ಲಿ ಮೊದಲೇ ನೀರಿದೆ, ಹೊಸ ನೀರಿಗೆ ನುಗ್ಗಲು ಜಾಗವಿಲ್ಲ.

ಮೂರನೆಯ ಲೋಟಕ್ಕೆ ಅಜ್ಜಿ ಒಡೆದ ಹಂಚಿನ ಚೂರೊಂದನ್ನು ಹಾಕಿದರು. ಅದೂ ಗುಳ್ಳೆ ಬಿಟ್ಟಿತು, ಅದೂ ನೀರು ಕುಡಿಯಿತು. ಆದರೆ ಕರಗಲಿಲ್ಲ. ಕುಡಿಯುವುದು ಬೇರೆ, ಕರಗುವುದು ಬೇರೆ. ಮಣ್ಣಿನ ಹೂಜಿ ನೀರನ್ನು ತಂಪು ಮಾಡುವುದೂ ಹೀಗೆ ಕುಡಿದ ನೀರನ್ನು ಹೊರಮೈಯಿಂದ ಆವಿಯಾಗಿ ಬಿಟ್ಟುಕೊಡುತ್ತದೆ ಎಂಬ ಕಾರಣಕ್ಕೆ. (ಆದರೆ ಒಣಹವೆಯ ರಾಯಚೂರಿನ ಹೂಜಿಯ ತಂಪು ನಮ್ಮ ಹೂಜಿಗೆ ಬಾರದು. ಇಲ್ಲಿನ ಗಾಳಿ ಮೊದಲೇ ಬೆವೆತುಹೋಗಿದೆ, ಇನ್ನಷ್ಟು ಆವಿಯನ್ನು ಹೊರಲು ಅದಕ್ಕೆ ಅಷ್ಟಾಗಿ ಆಗುವುದಿಲ್ಲ.)

ಹಾಗಾದರೆ ಹಂಚಿಗೂ ಉಂಡೆಗೂ ನಡುವೆ ಆದದ್ದೇನು? ಬೆಂಕಿ.

ಆದರೆ ಬೆಂಕಿಗೆ ಅವಸರ ಮಾಡಬಾರದು. ಮೊದಲು ನೆರಳಲ್ಲಿ ಒಣಗಬೇಕು. ನೀರು ಹೋದಂತೆ ಹಪ್ಪಳಗಳು ಹತ್ತಿರ ಹತ್ತಿರ ಬರುತ್ತವೆ, ಗೊಂಬೆ ಕುಗ್ಗುತ್ತದೆ. ಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರಿನ ಗೆರೆ ಎಳೆದು, ಒಣಗಿದ ಮೇಲೆ ಅಳೆದು ನೋಡಿ. ಅರ್ಧ ಸೆಂಟಿಮೀಟರಿನಷ್ಟು ಕಾಣೆಯಾಗಿದ್ದರೂ ಆಶ್ಚರ್ಯವಿಲ್ಲ. ತೆಳ್ಳಗಿನ ಬಾಲ ಬೇಗ ಕುಗ್ಗುತ್ತದೆ, ದಪ್ಪ ಹೊಟ್ಟೆ ನಿಧಾನ. ಇಬ್ಬರ ಈ ಜಗಳದಲ್ಲಿ ಬಾಲದ ಬುಡ ಬಿರುಕು ಬಿಡುತ್ತದೆ. ಹೊಯ್ಗೆ ಬೆರೆಸುವುದು ಇದಕ್ಕೇ: ಅದು ಕುಗ್ಗುವುದಿಲ್ಲ, ನಡುನಡುವೆ ನಿಂತು ನೀರಿಗೆ ಹೊರಗೆ ಹೋಗಲು ದಾರಿ ಬಿಡುತ್ತದೆ. ಎಷ್ಟು ಹಾಕಬೇಕು ಎಂಬುದು ಒಂದೊಂದು ಗದ್ದೆಯ ಮಣ್ಣಿಗೂ ಬೇರೆ ಬೇರೆ. ಅದಕ್ಕೇ ಆ ಕುಂಬಾರರು ಅರ್ಧ ಗಂಟೆ ಅದನ್ನೇ ಮಾತಾಡಿದ್ದು.

ಎಲ್ಲಿ ಕುಂಬಾರರು ಸೇರಿದರೂ ಹೀಗೆಯೇ ಇರಬೇಕು. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮಣ್ಣಿನ ಕಲಾವಿದರು ಹಲವರು ಸೇರಿ ದೊಡ್ಡ ಸೆರಾಮಿಕ್ ಹಬ್ಬವೊಂದನ್ನು ಮಾಡಿದರು. ಅಮೆರಿಕದಲ್ಲಿ ಪ್ರತಿವರ್ಷ ಒಂದೊಂದು ಊರಿನಲ್ಲಿ ಸಾವಿರಾರು ಕುಂಬಾರರ ಸಮ್ಮೇಳನ ನಡೆಯುತ್ತದೆ. ವೇದಿಕೆಯ ಭಾಷಣ ಏನೇ ಇರಲಿ, ಚಹಾದ ಹೊತ್ತಿಗೆ ಮಾತು ಬಿರುಕಿಗೇ ಬಂದು ನಿಲ್ಲುತ್ತದೆ ಎಂದು ನನ್ನ ಊಹೆ. ನಮ್ಮ ಜಗಲಿಯಲ್ಲಂತೂ ಹಾಗೇ ಆಯಿತು. ಗೊಂಬೆ ಬೆಂಕಿಯಲ್ಲಿ ಸಿಡಿಯುವುದು ಯಾಕೆ ಎಂದು ಚರ್ಚೆ ಎದ್ದಿತು. "ಒಳಗೆ ಗಾಳಿ ಸಿಕ್ಕಿಕೊಂಡರೆ ಸಿಡಿಯುತ್ತದೆ" ಎಂದು ಹುಡುಗ. "ಗಾಳಿ ಅಲ್ಲ, ನೀರು" ಎಂದು ಅಜ್ಜಿ. ಗೆದ್ದದ್ದು ಅಜ್ಜಿಯೇ. ಒಂದು ಚಮಚ ನೀರು ಕುದಿದು ಹಬೆಯಾದರೆ ಎಂಟು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ದಪ್ಪ ಗೊಂಬೆಯ ನಡುವೆ ಉಳಿದ ತೇವಕ್ಕೆ ಅಷ್ಟು ಜಾಗ ಎಲ್ಲಿಂದ ಬರಬೇಕು?

ಮಡಕೆಗಳನ್ನು ಒಟ್ಟಿ ಸುಡುವ ಜಾಗವೇ ಆವಿಗೆ. ಆವಿಗೆಯಲ್ಲಿ ಶಾಖ 100 ಡಿಗ್ರಿ ದಾಟುವಾಗ ಸಂದುಗಳ ನೀರು ಹೋಗುತ್ತದೆ. ಆದರೆ ಇನ್ನೊಂದು ನೀರು ಉಂಟು. ಅದು ಹಪ್ಪಳದ ಮೈಯಲ್ಲೇ ಹೆಣೆದುಕೊಂಡಿರುವಂಥದ್ದು, ಯಾವ ಬಿಸಿಲಿಗೂ ಬಗ್ಗದು. 500–600 ಡಿಗ್ರಿಯಲ್ಲಿ ಅದೂ ಬಿಟ್ಟುಹೋಗುತ್ತದೆ, ಹಪ್ಪಳದ ಹೆಣಿಗೆಯೇ ಮುರಿಯುತ್ತದೆ. ಇನ್ನೂ ಕಾದಾಗ ಮುರಿದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನು ಎಷ್ಟು ನೀರು ಸುರಿದರೂ ಅದು ಜೇಡಿಮಣ್ಣಾಗುವುದಿಲ್ಲ. ಗಣಪ ಈ ದಾರಿಯಲ್ಲಿ ಹೋಗಿರಲಿಲ್ಲ, ನವಿಲು ಹೋಗಿಬಂದಿತ್ತು. ಮಣ್ಣಿನೊಳಗಿನ ಕಬ್ಬಿಣ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಂಪು ಬಣ್ಣವನ್ನೂ ಕೊಡುತ್ತದೆ. ಗಾಳಿ ಬಾರದಂತೆ ಮುಚ್ಚಿ ಹೊಗೆ ಕೂಡಿಹಾಕಿದರೆ ಅದೇ ಮಡಕೆ ಕಪ್ಪು. ಈ ಕುಂಬಾರರಲ್ಲಿ ಯಾರ ಕೈಯಲ್ಲೂ ಥರ್ಮಾಮೀಟರು ಇಲ್ಲ. ಸಂದಿಯಿಂದ ಇಣುಕಿ, ಒಳಗಿನ ಮಡಕೆ ಮಂದ ಕೆಂಪಾಗಿದೆಯೋ ಕಿತ್ತಳೆಗೆ ತಿರುಗಿದೆಯೋ ನೋಡಿ ಶಾಖ ಹೇಳುತ್ತಾರೆ.

ಹೀಗೆ ಸುಟ್ಟ ಮಣ್ಣಿನ ಗೊಂಬೆಗಳ ರಾಶಿಯನ್ನೇ ನೋಡಬೇಕೆಂದರೆ ಬೆಳ್ತಂಗಡಿ ತಾಲೂಕಿನ ನಡ ಗ್ರಾಮಕ್ಕೆ ಹೋಗಬೇಕು. ಉಜಿರೆಗೆ ಹತ್ತಿರ. ಅಲ್ಲಿಯ ಸುರ್ಯ ಸದಾಶಿವರುದ್ರ ದೇವಸ್ಥಾನದಲ್ಲಿ ಮಣ್ಣಿನ ಗೊಂಬೆಯೇ ಹರಕೆ. ಮನೆ ಬೇಕಾದವರು ಮಣ್ಣಿನ ಮನೆ ಕೊಡುತ್ತಾರೆ, ಮಗು ಬೇಕಾದವರು ತೊಟ್ಟಿಲು. ಕೈ ನೋವಿಗೆ ಕೈ, ಕಾಲು ನೋವಿಗೆ ಕಾಲು. ಈಗಿನವರು ವಾಹನವನ್ನೂ ಇಡುತ್ತಾರೆ. ಎಲ್ಲವೂ ಹರಕೆಬನದ ಮರಗಳ ಕೆಳಗೆ, ಮಾಡಿಲ್ಲದೆ, ಮಳೆಗೆ ಮೈಯೊಡ್ಡಿಕೊಂಡು ಕೂತಿವೆ. ಹಳೆಯವಕ್ಕೆ ಪಾಚಿ ಹಿಡಿದಿದೆ, ಕೆಲವು ಮುರಿದಿವೆ, ಕರಗಿದ್ದು ಮಾತ್ರ ಇಲ್ಲ. ಮೂಡುಕೊಣಾಜೆಯ ನವಿಲು ಮಾಡಿದವರ ಮನಸ್ಸಿನಲ್ಲಿ ಏನಿತ್ತೋ ನಾವು ಕೇಳುವಂತಿಲ್ಲ. ಆದರೆ ಸುರ್ಯದ ಬನದಲ್ಲಿ ನಿಂತರೆ ಅವರು ಅಷ್ಟು ದೂರದವರು ಎಂದು ನನಗೆ ಅನ್ನಿಸುವುದಿಲ್ಲ.

ಆವಿಗೆಯಿಂದ ತೆಗೆದ ಮೇಲೆ, ಸುಟ್ಟದ್ದು ಸರಿಯಾಗಿದೆಯೇ ಎಂದು ತಿಳಿಯಲು ಕುಂಬಾರರು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಮೀನುಸಾರಿಗೆ ಕರ ಕೊಳ್ಳುವಾಗ ನಿಮ್ಮ ಮನೆಯವರೂ ತಟ್ಟುತ್ತಾರೆ, ಗಮನಿಸಿ. (ಕರ ಎಂದರೆ ತುಳುವಿನಲ್ಲಿ ಅಡುಗೆಯ ಮಡಕೆ.) ಬಿರುಕಿಲ್ಲದ ಕರ ಇಡಿಯಾಗಿ ಕಂಪಿಸಿ ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಕಂಪನ ಅಲ್ಲಿಗೆ ಬಂದು ಎಡವುತ್ತದೆ, ದನಿ ಮಂಕಾಗುತ್ತದೆ. ಶಿವಭಕ್ತ ಕುಂಬಾರ ಗುಂಡಯ್ಯ ಮಡಕೆ ತಟ್ಟುತ್ತಿದ್ದ ತಾಳಕ್ಕೆ ಶಿವನೇ ಇಳಿದು ಬಂದು ಕುಣಿದ ಎಂಬ ಕಥೆಯನ್ನು ಕವಿ ಹರಿಹರ ರಗಳೆಯಾಗಿ ಬರೆದಿದ್ದಾನೆ. ಗುಂಡಯ್ಯನ ಆ ಮಡಕೆಯಲ್ಲಿ ಬಿರುಕಿರಲಿಲ್ಲ ಎಂದಂತೂ ಹೇಳಬಹುದು.

ಕಮ್ಮಟದ ಗೊಂಬೆಗಳನ್ನೆಲ್ಲ ವಾರ ಬಿಟ್ಟು ಒಂದೇ ಆವಿಗೆಯಲ್ಲಿ ಸುಟ್ಟರು. ಮಕ್ಕಳದ್ದು, ಕುಂಬಾರರದ್ದು, ನನ್ನದು, ಎಲ್ಲ ಒಟ್ಟಿಗೆ, ಮೇಲೆ ಹುಲ್ಲು, ಕಟ್ಟಿಗೆ, ತೆಂಗಿನ ಸಿಪ್ಪೆ. ರಾತ್ರಿ ಒಮ್ಮೆ ಒಳಗಿನಿಂದ ಢಬ್ ಎಂಬ ಸದ್ದು ಬಂತು. ಬೆಳಿಗ್ಗೆ ಬೂದಿ ಸರಿಸಿದಾಗ ಮೂರನೇ ಕ್ಲಾಸಿನ ಹುಡುಗಿಯ ಬಾತುಕೋಳಿ ಕೆಂಪಗೆ ನಗುತ್ತಿತ್ತು. ನನ್ನ ನವಿಲಿನ ಹೊಟ್ಟೆ ಮಾತ್ರ ಹನ್ನೆರಡು ಚೂರು. ದಪ್ಪಗೆ ಮಾಡಿದ್ದೆ, ಟೊಳ್ಳು ಮಾಡಿರಲಿಲ್ಲ, ಒಳಗಿನ ತೇವ ಆರಿರಲಿಲ್ಲ. ಚೂರುಗಳನ್ನು ಮೆಲ್ಲಗೆ ಕಿಸೆಗೆ ಹಾಕಿಕೊಳ್ಳುತ್ತಿದ್ದೆ.

"ಅದನ್ನು ಯಾಕೆ ಕೊಂಡುಹೋಗ್ತೀರಿ, ಇಲ್ಲಿ ಕೊಡಿ" ಎಂದರು ಅಜ್ಜಿ. ಒರಳಿಗೆ ಹಾಕಿ ಕುಟ್ಟಿ ಪುಡಿ ಮಾಡಿದರು. ಸುಟ್ಟ ಮಣ್ಣಿನ ಪುಡಿ ಇನ್ನು ಕುಗ್ಗುವುದಿಲ್ಲವಲ್ಲ, ಹೊಯ್ಗೆಯ ಬದಲಿಗೆ ಆದೀತು. ಮುಂದಿನ ಕಮ್ಮಟದ ಮಣ್ಣಿಗೆ ಅದನ್ನು ಸುರಿದು, ನೀರು ಚಿಮುಕಿಸಿ, ಕಾಲಲ್ಲಿ ತುಳಿಯಲು ಶುರು ಮಾಡಿದರು.