ಲಕೋಟೆಯಲ್ಲಿ ಬಂದ ಅತಿಥಿ

(ನಮ್ಮ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣ)



"ದೇಶ ಸುತ್ತು, ಕೋಶ ಓದು" ಎಂದರು ಹಿರಿಯರು. ನಾವು ಒಂಟಾರಿಯೋದವರೆಗೆ ಸುತ್ತಿ ಬಂದೆವು. ಕೋಶ ಓದುವ ಕೆಲಸವನ್ನು ಮಕ್ಕಳಿಗೆ ಬಿಟ್ಟೆವು! ಎರಡನ್ನೂ ಒಟ್ಟಿಗೆ ಮಾಡಿಸುವ ಒಬ್ಬ ಹುಡುಗನ ಬಗ್ಗೆ ಇಂದು ನಾಲ್ಕು ಮಾತು. ಅವನೇ ಫ್ಲಾಟ್ ಸ್ಟಾನ್ಲಿ.

ಅಮೆರಿಕದ ಲೇಖಕ ಜೆಫ್ ಬ್ರೌನ್ 1964ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯ ನಾಯಕ ಇವನು. ಮಲಗಿದ್ದಾಗ ಗೋಡೆಯ ಬೋರ್ಡು ಮೈಮೇಲೆ ಬಿದ್ದು ದೋಸೆಯಂತೆ ಚಪ್ಪಟೆಯಾಗುತ್ತಾನೆ. ನೋವೇನೂ ಇಲ್ಲ, ಲಾಭವೇ! ಟಿಕೆಟ್ಟಿನ ಖರ್ಚಿಲ್ಲದೆ ಲಕೋಟೆಯೊಳಗೆ ಕೂತು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾನೆ. 1995ರಲ್ಲಿ ನಮ್ಮದೇ ಪ್ರಾಂತ್ಯದ ಲಂಡನ್ ಊರಿನ ಶಿಕ್ಷಕ ಡೇಲ್ ಹ್ಯೂಬರ್ಟ್ ಇದನ್ನೇ ತರಗತಿಯ ಕೆಲಸವಾಗಿ ಮಾಡಿದರು. ಮಕ್ಕಳು ಕಾಗದದ ಸ್ಟಾನ್ಲಿಯನ್ನು ಕತ್ತರಿಸಿ, ಬಣ್ಣ ಹಚ್ಚಿ, ಅಂಚೆಯಲ್ಲಿ ಕಳಿಸುತ್ತಾರೆ. ಪಡೆದವರು ಅವನಿಗೆ ಊರು ತೋರಿಸಿ, ಫೋಟೋ ತೆಗೆದು, ದಿನಚರಿ ಬರೆದು, ವಾಪಸು ಕಳಿಸುತ್ತಾರೆ. ಇದು ಎಷ್ಟೋ ದೇಶಗಳ ಶಾಲೆಗಳಿಗೆ ಹಬ್ಬಿತು.

ನಮ್ಮ ಮಗಳ ತರಗತಿಯ ಸ್ಟಾನ್ಲಿಯೂ ಒಂದು ಡಿಸೆಂಬರ್ ರಜೆಯಲ್ಲಿ ನಮ್ಮೊಂದಿಗೆ ಹಾಸನ ಜಿಲ್ಲೆಗೆ ಬಂದ. ಬೇಲೂರಿನಲ್ಲಿ ಅವನನ್ನು ಶಿಲಾಬಾಲಿಕೆಯರ ಮುಂದೆ ನಿಲ್ಲಿಸಿ ಫೋಟೋ ತೆಗೆದೆವು. ದಿನಚರಿಗೆ ಏನು ಬರೆಯಬೇಕು? ಅಜ್ಜ ಹೇಳಿಕೊಟ್ಟರು: "ಇದು ಬಳಪದ ಕಲ್ಲು ಪುಟ್ಟಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ. ನಾವು ಸ್ಲೇಟಿನ ಮೇಲೆ ಬರೀತಿದ್ದ ಬಳಪಾನೂ ಇದೇ ಜಾತಿ." 1117ರ ಗುಡಿಗೂ ಅಜ್ಜನ ಸ್ಲೇಟಿಗೂ ನಂಟಿದೆ ಎಂದು ನಮಗೂ ಅಂದೇ ಗೊತ್ತಾದದ್ದು! ಜನವರಿಯಲ್ಲಿ ಅವಳು ತರಗತಿಯ ಮುಂದೆ ನಿಂತು ಅದನ್ನೇ ವಿವರಿಸಿದಳು. "ನೀನು ಯಾವ ಊರಿನವಳು?" ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗಿ ಅಂದು ಆತಿಥೇಯಳಾಗಿದ್ದಳು.

ಅದೇ ಪ್ರವಾಸದಲ್ಲಿ, ನಮ್ಮ ಸಂಸ್ಥೆ ಪುಸ್ತಕ ಕೊಡುವ ಸರ್ಕಾರಿ ಶಾಲೆಗೂ ಸ್ಟಾನ್ಲಿ ಹೋದ. ಮಕ್ಕಳ ಮೊದಲ ಪ್ರಶ್ನೆ, "ಇವನಿಗೆ ಊಟ ಆಯ್ತಾ?" ಬಿಸಿಯೂಟದ ಸಾಲಿನಲ್ಲಿ ಅವನನ್ನೂ ಕೂರಿಸಿದರು. ಆಮೇಲೆ ರಟ್ಟಿನಲ್ಲಿ ಪಂಚೆಯುಟ್ಟ ತಮ್ಮದೇ ಗೊಂಬೆ ಮಾಡಿ, "ಪುಟ್ಟಣ್ಣ" ಎಂದು ಹೆಸರಿಟ್ಟು, "ನಿಮ್ಮೂರು ತೋರಿಸಿ ವಾಪಸು ಕಳಿಸಿ" ಎಂದರು.

ಪುಟ್ಟಣ್ಣ ಇಲ್ಲಿ ಹಿಮದಲ್ಲಿ ನಡುಗಿದ, ನಯಾಗರಾ ನೋಡಿದ. ನಮ್ಮ ಮಕ್ಕಳು ಹೆಮ್ಮೆಯಿಂದ ಬರೆದರು: "ಕೆನಡಾ ಬದಿಯ ಜಲಪಾತದ ಎತ್ತರ ಸುಮಾರು 57 ಮೀಟರ್." ಹಳ್ಳಿಯಿಂದ ಉತ್ತರ ಬಂತು: "ನಮ್ಮ ಜೋಗ 253 ಮೀಟರ್. ಆದರೆ ಬೇಸಿಗೆಯಲ್ಲಿ ನೀರು ಸಣ್ಣಗಾಗುತ್ತೆ. ನಿಮ್ಮಲ್ಲಿ ಹೇಗೆ?" ಮಕ್ಕಳು ಪುಸ್ತಕ ಹುಡುಕತೊಡಗಿದರು. ಎರಿ ಸರೋವರದಿಂದ ಹರಿದು ಬರುವ ನಯಾಗರಾ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಮರುಪತ್ರ ಬರೆದರು.

ಬಂಧುಗಳೇ, ನಾವು ಕಂಪ್ಯೂಟರ್ ಕೆಲಸದವರು. ಫೋಟೋ ಕ್ಷಣದಲ್ಲಿ ಕಳಿಸಬಹುದೆಂದು ಬಲ್ಲೆವು. ಆದರೆ ಕಾಯುವುದರಲ್ಲಿ ಒಂದು ಬೆಲೆಯಿದೆ. ಹಳ್ಳಿಯ ಶಾಲೆಯೊಂದು ದಿನವೂ ಅಂಚೆಯಣ್ಣನನ್ನು ಕೇಳುತ್ತಿದ್ದರೆ, ಆ ಉತ್ತರ ನಮ್ಮ ಮೇಲಿನ ಋಣ. ಚೆಕ್ ಬರೆದಾಗ ನಾವು ಕೊಡುವವರು, ಅವರು ಪಡೆಯುವವರು. ಪತ್ರ ಬರೆದಾಗ ಇಬ್ಬರೂ ಸಮ. ಹಾಗೆಂದು ಚೆಕ್ ಬೇಡವೆನ್ನುತ್ತಿಲ್ಲ, ಖಜಾಂಚಿಗಳು ಇಲ್ಲೇ ಕೂತಿದ್ದಾರೆ!

ನಮ್ಮ ಬೇಡಿಕೆ ಇಷ್ಟೇ. ದೇಣಿಗೆಯ ಜೊತೆಗೆ ಪ್ರತಿ ಮನೆಯೂ ಒಂದು ಗೊಂಬೆಗೆ ಅತಿಥ್ಯ ನೀಡಲಿ. ದಿನಚರಿಯನ್ನು ಮಕ್ಕಳೇ ಬರೆಯಲಿ, ಕನ್ನಡದಲ್ಲಿ ಎರಡು ಸಾಲಾದರೂ ಇರಲಿ; ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮನೆಯ ವಿಳಾಸ ಬೇಡ, ಸಂಘದ ವಿಳಾಸ ಸಾಕು. ಮತ್ತು ಒಂದು ತಿಂಗಳೊಳಗೆ ಅತಿಥಿಯನ್ನು ತಪ್ಪದೆ ಬೀಳ್ಕೊಡಿ. ಅಲ್ಲಿ ಅವನ ದಾರಿ ಕಾಯುವವರಿದ್ದಾರೆ.

ಸಿರಿಗನ್ನಡಂ ಗೆಲ್ಗೆ!