ಹೊಲಕ್ಕೆ ಬರುವ ಕಾಯ್ದೆ ಮೊದಲು ಕಟ್ಟೆಗೆ ಬರಲಿ



ಊರ ಜಾತ್ರೆ ಬಂತೆಂದರೆ ಮನೆಮನೆಗೆ ಪಟ್ಟಿ ಹಾಕುತ್ತೇವೆ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ಯಾರದು ಎಷ್ಟು ಎಂದು ಎಲ್ಲರೆದುರು ಓದಿ ಹೇಳುತ್ತಾರೆ. ಜಾತ್ರೆ ಮುಗಿದ ಮೇಲೆ ಲೆಕ್ಕ ಒಪ್ಪಿಸುತ್ತಾರೆ. ಹಾಗಲ್ಲದೆ ನಾಲ್ಕು ಮಂದಿ ಕದ ಹಾಕಿಕೊಂಡು ಪಟ್ಟಿ ಬರೆದು, 'ಇಷ್ಟು ಕೊಡು' ಅಂದರೆ ಸುಮ್ಮನಿರುತ್ತೀರೇನ್ರಿ? 'ಯಾರನ್ನ ಕೇಳಿ ಬರೆದಿರಿ?' ಅಂತ ಕೇಳೇ ಕೇಳುತ್ತೀರಿ. ಅದೇ ಪ್ರಶ್ನೆಯನ್ನು ಇವತ್ತು ಇನ್ನೊಂದು ದೊಡ್ಡ ಪಟ್ಟಿಯ ವಿಷಯದಲ್ಲಿ ಕೇಳೋಣ.

ಮಾನ್ವಿಯ ಭತ್ತ, ದೇವದುರ್ಗದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬರುತ್ತವೆ. ಇವುಗಳ ಬೀಜಕ್ಕೆ, ಬೆಲೆಗೆ ತಗಲುವ ಕೆಲವು ಕಟ್ಟಳೆಗಳ ಬೇರು ಬೆಂಗಳೂರಲ್ಲೂ ಇಲ್ಲ, ದಿಲ್ಲಿಯಲ್ಲೂ ಇಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಇದೆ. 1995ರ ಜನವರಿ 1ರಂದು ಅದು ಹುಟ್ಟಿದಾಗಿನಿಂದ ಭಾರತ ಅದರ ಸದಸ್ಯ. ಅಲ್ಲಿ ತೀರ್ಮಾನಕ್ಕೆ ಎಲ್ಲ ದೇಶಗಳ ಒಪ್ಪಿಗೆ ಬೇಕು, ನಿಜ. ಆದರೆ ಕೆಲವೇ ದೇಶಗಳವರು ಮೊದಲು ಒಂದು ಕೋಣೆಯಲ್ಲಿ ಕೂತು ಮಾತು ಮುಗಿಸಿಕೊಳ್ಳುವ ರೂಢಿಯೂ ಉಂಟು. ಅದಕ್ಕೆ 'ಗ್ರೀನ್ ರೂಮ್' ಎಂದು ಹೆಸರು. ಆ ಕೋಣೆಯ ಮಾತು ಹೊರಗಿನವರಿಗೆ ಕೇಳುವುದಿಲ್ಲ.

ಆ ಸಂಸ್ಥೆಗೆ ಬುನಾದಿಯಾದ ಕರಡನ್ನು 1991ರ ಡಿಸೆಂಬರಿನಲ್ಲಿ ಆರ್ಥರ್ ಡಂಕೆಲ್ ಎಂಬವರು ಮುಂದಿಟ್ಟರು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ಮತ್ತು ಕರ್ನಾಟಕ ರಾಜ್ಯ ರೈತ ಸಂಘದವರು ಅದರ ಒಳಗೇನಿದೆ ಎಂದು ರೈತರಿಗೆ ಬಿಡಿಸಿ ಹೇಳಿ, 1993ರ ಅಕ್ಟೋಬರಿನಲ್ಲಿ ಬೆಂಗಳೂರಲ್ಲಿ ಭಾರಿ ಸಮಾವೇಶ ನಡೆಸಿದರು. ಆದರೂ 1994ರ ಏಪ್ರಿಲ್ 15ರಂದು ಮೊರಾಕ್ಕೋದ ಮರಾಕೆಶ್‌ನಲ್ಲಿ ಸಹಿ ಬಿತ್ತು. ನಮ್ಮ ಸಂವಿಧಾನದಲ್ಲಿ ಒಕ್ಕಲುತನ ರಾಜ್ಯದ ವಿಷಯ. ಆದರೆ ಪರದೇಶದ ಒಪ್ಪಂದಕ್ಕೆ ಕೇಂದ್ರ ಸರ್ಕಾರ ಸಹಿ ಹಾಕಲು ವಿಧಾನಸಭೆಯದಿರಲಿ, ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಸಹಿಯಾದ ಮೇಲೆ, ವಿಷಯ ರಾಜ್ಯದ್ದಾದರೂ, 253ನೆಯ ವಿಧಿಯ ಪ್ರಕಾರ ಸಂಸತ್ತು ಕಾಯ್ದೆ ಮಾಡಬಹುದು.

ಇದರಿಂದ ನಮಗೇನು ಅನ್ನುತ್ತೀರಾ? ಭತ್ತದ ಬೆಂಬಲ ಬೆಲೆ ನೋಡ್ರಿ. ಸರ್ಕಾರ ಒಂದು ಬೆಳೆಗೆ ಕೊಡುವ ಇಂಥ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ನೂರಕ್ಕೆ 10ನ್ನು ಮೀರಬಾರದೆಂದು ಆ ಒಪ್ಪಂದದಲ್ಲಿದೆ. ಲೆಕ್ಕ ಹಿಡಿಯುವುದು ಮಾತ್ರ 1986ರಿಂದ 1988ರ ವರೆಗಿನ ಹಳೆಯ ಧಾರಣೆಗೆ! ಇದನ್ನು ಸರಿಪಡಿಸುವ ತನಕ ತಕರಾರು ಹೂಡುವುದಿಲ್ಲವೆಂದು 2013ರಲ್ಲಿ ಬಾಲಿಯ ಸಮ್ಮೇಳನದಲ್ಲಿ ಮಾತಾಯಿತು. 2024ರ ಅಬುಧಾಬಿ ಸಮ್ಮೇಳನದಲ್ಲೂ ಶಾಶ್ವತ ಪರಿಹಾರ ಸಿಗಲಿಲ್ಲ.

ಹಾಗಂತ ದೇಶದೇಶಗಳ ನಡುವೆ ಕಟ್ಟಳೆಯೇ ಬೇಡವೆಂದಲ್ಲ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುತ್ತಿದ್ದ ಸಹಾಯಧನದ ಮೇಲೆ ಬ್ರೆಜಿಲ್ ದೂರು ಕೊಟ್ಟು, 2005ರಲ್ಲಿ ಅದೇ ಸಂಸ್ಥೆಯಲ್ಲಿ ಗೆದ್ದಿತು. ಕಟ್ಟಳೆ ಇದ್ದುದಕ್ಕೇ ಅದು ಸಾಧ್ಯವಾಯಿತು. ಕಟ್ಟಳೆ ಇರಲಿ, ಬರೆಯುವಾಗ ಕದ ತೆರೆದಿರಲಿ.

ಕದ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಬೀಜದ ಕಾಯ್ದೆಯೇ ಸಾಕ್ಷಿ. ಹೊಸ ತಳಿಗಳಿಗೆ ಒಡೆತನದ ರಕ್ಷಣೆ ಕೊಡಬೇಕೆಂದು ಒಪ್ಪಂದ ಹೇಳಿತ್ತು. ಅದಕ್ಕಾಗಿ ತಂದ ಮಸೂದೆಯನ್ನು ಸಂಸತ್ತಿನ ಜಂಟಿ ಸಮಿತಿಗೆ ಒಪ್ಪಿಸಿದರು. ಸಮಿತಿ ಹಲವರ ಅಹವಾಲು ಕೇಳಿ ಮಸೂದೆಯನ್ನು ತಿದ್ದಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮಿನ ಪ್ರಕಾರ, ಬೆಳೆದ ಬೀಜವನ್ನು ಇಟ್ಟುಕೊಳ್ಳಲು, ಮತ್ತೆ ಬಿತ್ತಲು, ನೆರೆಯವರಿಗೆ ಕೊಡಲು, ಮಾರಲು ರೈತನಿಗೆ ಹಕ್ಕಿದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಚೀಟಿ ಹಚ್ಚಿ ಮಾತ್ರ ಮಾರುವಂತಿಲ್ಲ.

ಹೀಗಾಗಿ ನಾವು ಕೇಳಬೇಕಾದದ್ದು ಇಷ್ಟು. ಕಾಯ್ದೆಯ ಕರಡನ್ನು 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವೇ 2014ರಲ್ಲಿ ತೀರ್ಮಾನಿಸಿದೆ. ಒಕ್ಕಲುತನಕ್ಕೆ ತಗಲುವ ಪರದೇಶದ ಒಪ್ಪಂದದ ಕರಡೂ ಸಹಿಗೆ ಮೊದಲು ಕನ್ನಡದಲ್ಲಿ ನಮ್ಮ ಕೈಗೆ ಬರಲಿ. ಸಂಸತ್ತಿನಲ್ಲಿ, ವಿಧಾನಸಭೆಯಲ್ಲಿ ಚರ್ಚೆಯಾಗಲಿ. ಯಾರು ಏನು ಒಪ್ಪಿ ಬಂದರೆಂದು ಲೆಕ್ಕ ಒಪ್ಪಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಠರಾವು ಮಾಡಿ ನಿಮ್ಮ ಸಂಸದರಿಗೂ ಶಾಸಕರಿಗೂ ಕಳಿಸಿರಿ. ಓಟು ಕೇಳಲು ಬಂದಾಗಲೂ ಬಿಡದೆ ಕೇಳಿರಿ.

ಜಾತ್ರೆಯ ಪಟ್ಟಿಗೇ ಲೆಕ್ಕ ಕೇಳುವವರು ನಾವು. ಬಿತ್ತುವ ಬೀಜಕ್ಕೆ, ಬೆಳೆದ ಕಾಳಿಗೆ ಕೇಳದಿದ್ದರೆ ಹೇಗೆ?