ನಿವೃತ್ತಿವೇತನ: ಕೆಲವು ಪ್ರಶ್ನೆಗಳು

ನಿವೃತ್ತಿವೇತನವು ಸರ್ಕಾರ ಕರುಣೆಯಿಂದ ನೀಡುವ ದಾನವೆ? ಅಲ್ಲ. ಅದು ಸಲ್ಲಿಸಿದ ಸೇವೆಯ ಫಲ, ನೌಕರನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಾಕರಾ ಅವರ ಮೊಕದ್ದಮೆಯಲ್ಲಿ ಸಾರಿತು. ಆದರೆ ಹಕ್ಕು ಕೈಗೆ ಬರಬೇಕಾದರೆ ಕಾಗದಪತ್ರ ನೇರವಾಗಿರಬೇಕು.

2004ರ ಜನವರಿ 1ಕ್ಕೆ ಮುನ್ನ ಕೇಂದ್ರ ಸರ್ಕಾರದ ಸೇವೆಗೆ ಸೇರಿದವರ ಮಾತು ಹೇಳುತ್ತೇನೆ. ಅನಂತರ ಸೇರಿದವರ ಪದ್ಧತಿ ಬೇರೆ.

ಯಜಮಾನರು ತೀರಿಕೊಂಡರೆ ಮಡದಿಯ ಗತಿಯೇನು? ಆಕೆಗೆ ಕುಟುಂಬ ಪಿಂಚಣಿ ಉಂಟು. ಸಾಮಾನ್ಯವಾಗಿ ಕೊನೆಯ ಮೂಲವೇತನದ ನೂರಕ್ಕೆ 30ರಷ್ಟು. ಆದರೆ ಮನೆಯಲ್ಲಿ ಗೌರಮ್ಮ, ಪಿಂಚಣಿ ಆದೇಶದಲ್ಲಿ ಗೌರಿಬಾಯಿ ಎಂದಿದ್ದರೆ, ದುಃಖದ ನಡುವೆ ಕಚೇರಿಗಳ ಅಲೆದಾಟವೂ ತಪ್ಪದು.

ಮಕ್ಕಳಿಗೆ? ಸಾಮಾನ್ಯವಾಗಿ 25 ವಯಸ್ಸಿನವರೆಗೆ. ದುಡಿಯಲಾರದಂಥ ಅಂಗವೈಕಲ್ಯ ಅಥವಾ ಬುದ್ಧಿವೈಕಲ್ಯವುಳ್ಳ ಮಗುವಿಗೆ ಆ ಮಿತಿಯಿಲ್ಲ. ವೈದ್ಯರ ಪ್ರಮಾಣಪತ್ರವಿದ್ದರೆ ಜೀವನಪರ್ಯಂತ ದೊರೆಯಬಹುದು. ಅಂಥ ಮಗುವಿನ ಹೆಸರನ್ನು ತಂದೆತಾಯಿಗಳು ತಾವಿರುವಾಗಲೇ ದಾಖಲೆಗೆ ಸೇರಿಸುವುದು ಲೇಸು.

ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಬೇಕಷ್ಟೆ. ನಡೆಯಲಾರದವರಿಗೆ 2014ರಿಂದ ಜೀವನ್ ಪ್ರಮಾಣ್ ವ್ಯವಸ್ಥೆಯುಂಟು. ಮನೆಯಲ್ಲೇ ಬೆರಳೊತ್ತಿ ಸಲ್ಲಿಸಬಹುದು.

ಪಿಂಚಣಿ ಆದೇಶವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬೀಗದ ಕೈಯನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡಿರುವ ಹಿರಿಯರೆ, ಇಂದು ರಾತ್ರಿಯೇ ಅದನ್ನು ಹೊರತೆಗೆಯಿರಿ. ಮಡದಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ ತಿಳಿಸಿರಿ. ನಾಳೆ ಅದರಿಂದ ಬಾಳಬೇಕಾದವರು ಅವರು.